ಆಚಂದ್ರಾರ್ಕದಿಂದ ಹನ್ನೊಂದು ತಿಂಗಳಿಗೆ

ಮಡಿವಾಳದ ಸೋಮೇಶ್ವರ ದೇವಾಲಯದ ಹೊರಗೋಡೆಗಳ ಮೇಲೆ ತಮಿಳು ಮತ್ತು ಗ್ರಂಥ ಲಿಪಿಗಳಲ್ಲಿ ಕೆತ್ತಿದ ಹಲವು ಶಾಸನಗಳಿವೆ. ಅವುಗಳಲ್ಲಿ ಅತ್ಯಂತ ಪ್ರಾಚೀನವಾದುದು ಕ್ರಿ.ಶ. 1247ರದು, ವೇಪ್ಪೂರಿನ, ಎಂದರೆ ಇಂದಿನ ಬೇಗೂರಿನ, ನಿವಾಸಿಯೊಬ್ಬನು ವೆಂಗಳೂರಿನ ಹಿರಿಯ ಕೆರೆಯ ಕೆಳಗಣ ಭೂಮಿಯನ್ನು ದಾನವಿತ್ತ ಸಂಗತಿ ಅದರಲ್ಲಿದೆ. 1365ರ ಇನ್ನೊಂದು ಶಾಸನವು ತಾಮರೈಕ್ಕಿರೈ ಎಂಬಲ್ಲಿ ಕೊಟ್ಟ ಭೂಮಿಯ ಮಾತನ್ನಾಡುತ್ತದೆ. ಆ ಸ್ಥಳವು ಇಂದಿನ ತಾವರೆಕೆರೆಯೇ ಎಂದು ಇತಿಹಾಸಜ್ಞರು ಗುರುತಿಸಿದ್ದಾರೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಗ್ರಾಮಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಪೋಣಿಸಿ ಬಿಟಿಎಂ ಲೇಔಟ್ ಎಂದು ಹೆಸರಿಟ್ಟ ಬಡಾವಣೆಯನ್ನು ನಿನ್ನೆ ಮೊನ್ನೆ ಹುಟ್ಟಿದ ಊರೆಂದು, ಆದುದರಿಂದ ಚರಿತ್ರೆಯೇ ಇಲ್ಲದ ಊರೆಂದು ಭಾವಿಸುವವರು, ಆ ಮೂರು ಅಕ್ಷರಗಳಲ್ಲಿ ನಡುವಿನದಾದರೂ ಆರೂವರೆ ನೂರು ವರ್ಷಗಳ ಹಿಂದೆಯೇ ಕಲ್ಲನ್ನೇರಿದ್ದಿತೆಂಬುದನ್ನು ನೆನೆಯುವುದು ಒಳ್ಳೆಯದು.

ನಮ್ಮ ನಾಡಿನ ದಾನಶಾಸನಗಳನ್ನು ಓದಿದವರಿಗೆಲ್ಲ ಪರಿಚಿತವಾದ ಒಂದು ಪದವುಂಟು: ಆಚಂದ್ರಾರ್ಕ. ಕೊಟ್ಟವನೂ ಪಡೆದವನೂ ಇಬ್ಬರೂ ಅಳಿದ ಮೇಲೆಯೂ, ಸೂರ್ಯಚಂದ್ರರಿರುವ ತನಕ ಈ ನೆಲ ಇವನ ಸಂತತಿಗೆ ಅಥವಾ ಈ ದೇವರಿಗೆ ಸಲ್ಲತಕ್ಕದ್ದು, ಇದನ್ನು ಅಳಿದವನು ಇಂತಿಂತಹ ಪಾಪಕ್ಕೆ ಹೋಗುವನು ಎಂಬುದು ಅದರ ತಾತ್ಪರ್ಯ. ಇದು ಕೇವಲ ಅಲಂಕಾರವಲ್ಲ. ಒಬ್ಬನು ಒಂದು ನೆಲದ ಮೇಲೆ ಎಷ್ಟು ಕಾಲ ನಿಲ್ಲಬಹುದು ಎಂಬ ಪ್ರಶ್ನೆಗೆ ಆ ಯುಗವು ಕೊಟ್ಟ ಉತ್ತರ ಅದು. ಮನೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗೋಡೆ, ಮಾಡು, ತೊಟ್ಟಿ, ಜಗಲಿಗಳನ್ನು ವರ್ಣಿಸುತ್ತಾರೆ. ಬಿಟಿಎಂ ಬಡಾವಣೆಯಂತಹ ಸ್ಥಳದಲ್ಲಿ ಅದಕ್ಕಿಂತ ಅವಧಿಯನ್ನು ಅಳೆಯುವುದೇ ಹೆಚ್ಚು ಪ್ರಯೋಜನಕರವೆಂದು ನನ್ನ ಅಭಿಪ್ರಾಯ. ಏಕೆಂದರೆ ಇಲ್ಲಿ ನೆಲ ಬದಲಾಗಲಿಲ್ಲ. ಅದರ ಮೇಲೆ ನಿಲ್ಲಲು ಮನುಷ್ಯನಿಗೆ ದೊರೆಯುವ ಕಾಲವು ಮಾತ್ರ ತಲೆಮಾರಿನಿಂದ ತಲೆಮಾರಿಗೆ ಕುಗ್ಗುತ್ತ ಬಂದಿದೆ.

ಕನ್ನಡಿಗನ ಬಾಯಲ್ಲಿ ಮನೆಯೆಂಬುದು ಬಹು ವಿಸ್ತಾರವಾದ ವಸ್ತು. ಒಂದು ಸೂರಿನ ಕೆಳಗೇ ಅಡುಗೆಮನೆ, ದೇವರಮನೆ, ಬಚ್ಚಲುಮನೆಗಳೆಂದು ಹಲವು ಮನೆಗಳು. ರಾಜನಿಗೆ ಅರಮನೆ, ಕಳ್ಳನಿಗೆ ಸೆರೆಮನೆ. ಚದುರಂಗದ ಹಾಸಿನ ಮೇಲೆ ಕಾಯಿ ಕೂರುವ ಚೌಕವೂ ಮನೆಯೇ. ‘ನಮ್ಮ ಮನೆಯವರು’ ಎಂದರೆ ಗಂಡ ಅಥವಾ ಹೆಂಡತಿ. ಮನೆದೇವರು ಇರುವ ಗುಡಿಯು ವಾಸದ ಮನೆಯಿಂದ ಹತ್ತಾರು ಹರದಾರಿ ದೂರವಿರಬಹುದು. ಆದರೂ ಮದುವೆ ಮುಂಜಿಗಳಾದರೆ ಮೊದಲು ಅಲ್ಲಿಗೇ ಹೋಗಬೇಕು. ಹೆಣ್ಣಿಗೆ ತವರುಮನೆಯೆಂಬುದು ಬೇರೆ ಉಂಟು. ಗಂಡಿಗೆ ತವರಿಲ್ಲ, ಅವನಿಗಿರುವುದು ಊರು. ಬೆಂಗಳೂರಿನಲ್ಲಿ ಮೂವತ್ತು ವರ್ಷ ಬಾಳಿ, ಸ್ವಂತ ಮನೆ ಕಟ್ಟಿ, ಮಕ್ಕಳ ಮದುವೆ ಮಾಡಿದವರೂ ದೀಪಾವಳಿ ಹತ್ತಿರ ಬಂದೊಡನೆ ‘ಊರಿಗೆ ಹೋಗಬೇಕು’ ಎನ್ನುವಾಗ, ತಾವು ನಿಂತಿರುವುದು ಊರಲ್ಲವೆಂಬ ಭಾವವನ್ನೇ ಅರಿಯದೆ ಪ್ರಕಟಿಸುತ್ತಾರೆ.

ಈ ಇಬ್ಬಗೆಯ ಭಾವವು ನಮ್ಮೊಬ್ಬರದೇ ಅಲ್ಲ. 1809ರಲ್ಲಿ ಸ್ಥಾಪಿತವಾದ ಬೆಂಗಳೂರು ದಂಡುಪ್ರದೇಶದಲ್ಲಿ ಆಂಗ್ಲ ಅಧಿಕಾರಿಗಳು ವಿಶಾಲವಾದ ಬಂಗಲೆಗಳನ್ನು ಕಟ್ಟಿಸಿ, ಗುಲಾಬಿ ತೋಟಗಳನ್ನು ಬೆಳೆಸಿ, ಎರಡು ಮೂರು ತಲೆಮಾರು ಇಲ್ಲಿಯೇ ಬಾಳಿ, ಇಲ್ಲಿಯ ಸ್ಮಶಾನಗಳಲ್ಲಿಯೇ ಮಣ್ಣಾದರೂ, ‘ಹೋಮ್’ ಎಂಬ ಶಬ್ದವನ್ನು ಮಾತ್ರ ಸಮುದ್ರದಾಚೆಯ ಇಂಗ್ಲೆಂಡಿಗೆ ಮೀಸಲಾಗಿಟ್ಟಿದ್ದರು; ಮಕ್ಕಳನ್ನು ಓದಿಗೆ ಕಳುಹಿಸುವುದು ಅಲ್ಲಿಗೆ, ರಜೆಗೆ ಹೋಗುವುದು ಅಲ್ಲಿಗೆ, ನಿವೃತ್ತಿಯ ಕನಸು ಅಲ್ಲಿಯದು. ಅದೇ ಶಬ್ದವು ಸರ್ಕಾರದ ಕಛೇರಿಯನ್ನು ಹೊಕ್ಕು ಆಂತರಿಕ ಆಡಳಿತವೆಂಬ ಅರ್ಥವನ್ನು ತಳೆದು, ಗೃಹ ಇಲಾಖೆ, ಗೃಹಮಂತ್ರಿ, ಗೃಹರಕ್ಷಕ ದಳಗಳೆಂಬ ಹೆಸರಿನಲ್ಲಿ ನಮ್ಮಲ್ಲಿ ಉಳಿದುಕೊಂಡಿತು. ಇಂದು ಬಿಟಿಎಂ ಬಡಾವಣೆಯ ಅಂಗಡಿಬೀದಿಗಳಲ್ಲಿ ನರ್ಸಿಂಗ್ ಹೋಮ್, ಹೋಮ್ ಲೋನ್, ಹೋಮ್ ಅಪ್ಲೈಯನ್ಸಸ್, ಹೋಮ್ ಡೆಲಿವರಿ ಎಂಬ ಫಲಕಗಳನ್ನು ನೋಡುತ್ತ ನಡೆದರೆ, ಮಾರಾಟಕ್ಕೆ ಒಡ್ಡಲು ಆ ಶಬ್ದವೂ, ಬಾಳುವುದಕ್ಕೆ ಮನೆಯೆಂಬುದೂ ನಮ್ಮವರಿಗೆ ಬೇಕಾಗಿವೆಯೆಂದು ತೋರುತ್ತದೆ.

ಬಡಾವಣೆಯಾಗುವ ಮುನ್ನ ಈ ನೆಲದ ಬಾಳು ಕೆರೆಯ ನೀರನ್ನು ನೆಚ್ಚಿತ್ತು. ಮಡಿವಾಳದ ಕೆರೆಯು ಸುಮಾರು 114 ಹೆಕ್ಟೇರ್ ವಿಸ್ತಾರವಾಗಿ ಇಂದಿಗೂ ನಗರದ ಹಿರಿಯ ಕೆರೆಗಳಲ್ಲೊಂದಾಗಿ ನಿಂತಿದೆ. ಹೆಜ್ಜಾರ್ಲೆಗಳು ಈಗಲೂ ಅಲ್ಲಿಗೆ ಬರುತ್ತವೆ. ತಾವರೆಕೆರೆ, ಬೈರಸಂದ್ರಗಳ ಹೆಸರಿನಲ್ಲಿಯೇ ನೀರಿದೆ, ಏಕೆಂದರೆ ‘ಸಂದ್ರ’ವೆಂದು ಮುಗಿಯುವ ನಮ್ಮ ಊರುಗಳು ‘ಸಮುದ್ರ’ವೆಂದು ಗೌರವದಿಂದ ಕರೆದ ಕೆರೆಗಳ ಮಗ್ಗುಲಲ್ಲಿ ಬೆಳೆದವು. ಇಂತಹ ಗ್ರಾಮದಲ್ಲಿ ಮನೆಯೆಂಬುದು ಹೊಲದಿಂದ, ಕಣದಿಂದ, ದನದ ಕೊಟ್ಟಿಗೆಯಿಂದ, ಊರಬಾಗಿಲಿನ ದೇವತೆಯಿಂದ ಬೇರೆಯಾಗಿ ನಿಲ್ಲುವ ಕಟ್ಟಡವಾಗಿರಲಿಲ್ಲ. ‘ಮನೆ ಮಾರಿದರು’ ಎಂಬ ಮಾತೇ ಅಪಶಕುನವಾಗಿದ್ದಿತು.

ಬೆಂಗಳೂರಿನವರ ಮನೆಯ ಕಲ್ಪನೆಯಾದರೋ ಬೇರೊಂದು ದಾರಿಯಲ್ಲಿ ರೂಪುಗೊಳ್ಳುತ್ತಿದ್ದಿತು. 1892ರಲ್ಲಿ ಚಾಮರಾಜಪೇಟೆ, 1898ರ ಪ್ಲೇಗಿನ ಹಾವಳಿಯ ತರುವಾಯ, ಇಕ್ಕಟ್ಟಾದ ಪೇಟೆಯಿಂದ ಜನರನ್ನು ಗಾಳಿಬೆಳಕಿರುವಲ್ಲಿಗೆ ಸರಿಸಲೆಂದು ಬಸವನಗುಡಿ, ಮಲ್ಲೇಶ್ವರಗಳು, 1945ರಲ್ಲಿ ನಗರಾಭಿವೃದ್ಧಿಯ ಟ್ರಸ್ಟ್ ಬೋರ್ಡು, 1948ರಲ್ಲಿ ಜಯನಗರ. ಈ ಸರಣಿಯ ಪ್ರತಿಯೊಂದು ಹಂತದಲ್ಲಿಯೂ ಒಂದು ನಂಬಿಕೆ ಬಲಿಯುತ್ತ ಬಂದಿತು: ಪೇಟೆಯ ವಠಾರದಲ್ಲಿ ಒಂದೇ ಬಾವಿ, ಒಂದೇ ಅಂಗಳವನ್ನು ಹಂಚಿಕೊಂಡು ಬಾಳುವವನು ಇನ್ನೂ ದಾರಿಯಲ್ಲಿರುವವನು, ಸುತ್ತಲೂ ಕಾಂಪೌಂಡು, ಮುಂದೊಂದು ಗೇಟು, ಗೇಟಿನ ಪಕ್ಕದಲ್ಲೊಂದು ತೆಂಗಿನ ಮರವಿರುವ ಸ್ವಂತ ನಿವೇಶನವನ್ನು ಪಡೆದವನು ಮಾತ್ರ ತಲುಪಿದವನು. ಆ ನಿವೇಶನಕ್ಕೆ ಜನ ಇಟ್ಟ ಹೆಸರು ‘ಸೈಟು’. ದಕ್ಷಿಣ ಬೆಂಗಳೂರಿನ ಮಧ್ಯಮವರ್ಗದ ಬದುಕಿನಲ್ಲಿ ಈ ಎರಡಕ್ಷರದ ಶಬ್ದವು ಪಡೆದ ಸ್ಥಾನವನ್ನು ವರ್ಣಿಸಲು ಒಂದು ಮಹಾಕಾವ್ಯವೇ ಬೇಕಾದೀತು.

1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಟ್ರಸ್ಟ್ ಬೋರ್ಡಿನ ಸ್ಥಾನಕ್ಕೆ ಬಂದಿತು. ಬಿಟಿಎಂ ಲೇಔಟ್ ಈ ಪ್ರಾಧಿಕಾರದ ಕಾಲದ ಕೂಸು. ಭೂಸ್ವಾಧೀನದ ಅಧಿಸೂಚನೆ, ಪರಿಹಾರದ ಲೆಕ್ಕ, ನ್ಯಾಯಾಲಯದ ತಡೆಯಾಜ್ಞೆ, ಮತ್ತೆ ಅಧಿಸೂಚನೆ ಎಂಬ ಪರಿಚಿತ ಕ್ರಮದಲ್ಲಿ ಹೊಲಗದ್ದೆಗಳು ನಕ್ಷೆಯ ಮೇಲೆ ಮೇನುಗಳಾಗಿ, ಕ್ರಾಸುಗಳಾಗಿ ಸೀಳಲ್ಪಟ್ಟವು. ಇಪ್ಪತ್ತು-ಮೂವತ್ತು, ಮೂವತ್ತು-ನಲವತ್ತು, ನಲವತ್ತು-ಅರವತ್ತು, ಐವತ್ತು-ಎಂಬತ್ತು ಎಂಬುವು ಅಡಿಗಳ ಅಳತೆಗಳಾಗಿದ್ದಂತೆಯೇ ಮನುಷ್ಯರ ಅಂತಸ್ತುಗಳೂ ಆದವು. ಗುಮಾಸ್ತನ ಆಸೆ ಮೊದಲೆರಡರಲ್ಲಿ ನಿಲ್ಲುತ್ತಿದ್ದಿತು, ಮೇಲಧಿಕಾರಿಯದು ಕೊನೆಯೆರಡರಲ್ಲಿ. ಕಾರ್ಖಾನೆಗಳ ನೌಕರರ ಗೃಹನಿರ್ಮಾಣ ಸಹಕಾರ ಸಂಘಗಳೂ ಈ ಕಾರ್ಯದಲ್ಲಿ ತೊಡಗಿದುವು. ಆಡುಗೋಡಿಯಲ್ಲಿ ಕಾರ್ಖಾನೆಯಿದ್ದ, 1951ರಲ್ಲಿ ಸ್ಥಾಪಿತವಾದ ಮೈಕೋ ಕಂಪನಿಯ ಹೆಸರು ಇಲ್ಲಿಯ ಮೈಕೋ ಲೇಔಟಿನಲ್ಲಿ ಉಳಿದಿದೆ. ಕಂಪನಿಯೇ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಪೊಲೀಸ್ ಠಾಣೆಯ ಫಲಕದ ಮೇಲೆ ಮಾತ್ರ ಇಂದಿಗೂ ಮೈಕೋ ಲೇಔಟ್ ಎಂದೇ ಇದೆ.

ಪ್ರಾಧಿಕಾರವು ಸೈಟನ್ನು ಹಂಚಿದೊಡನೆ ಅದು ಪಡೆದವನದಾಗುತ್ತಿರಲಿಲ್ಲವೆಂಬುದು ಇಲ್ಲಿ ಮುಖ್ಯವಾದ ಸಂಗತಿ. ‘ಲೀಸ್ ಕಂ ಸೇಲ್’ ಎಂಬ ಕರಾರಿನ ಮೇರೆಗೆ ಹತ್ತು ವರ್ಷಗಳ ಕಾಲ ಅವನು ಗುತ್ತಿಗೆದಾರ. ಆ ಅವಧಿಯಲ್ಲಿ ನಿಯಮದಂತೆ ಮನೆ ಕಟ್ಟಬೇಕು, ಪರಭಾರೆ ಮಾಡಕೂಡದು. ಅವಧಿ ಮುಗಿದು, ಷರತ್ತುಗಳು ನೆರವೇರಿದ ಮೇಲೆ ಶುದ್ಧ ಕ್ರಯಪತ್ರ. ಆಚಂದ್ರಾರ್ಕವು ಹತ್ತು ವರ್ಷಕ್ಕೆ ಇಳಿದುದು ಹೀಗೆ. ಆದರೆ ಈ ಹತ್ತು ವರ್ಷಗಳ ಕಟ್ಟಳೆಯಲ್ಲಿ ಒಂದು ಧರ್ಮವಿದ್ದಿತೆಂದು ಒಪ್ಪಲೇಬೇಕು: ಇಲ್ಲಿ ನೆಲೆಸುವವನಿಗೆ ನೆಲ, ಮಾರಿ ಲಾಭ ಮಾಡುವವನಿಗಲ್ಲ ಎಂಬ ಆಶಯ ಅದರ ಹಿಂದೆ ಇದ್ದಿತು. ಆಶಯವು ಎಷ್ಟರಮಟ್ಟಿಗೆ ಫಲಿಸಿತೆಂಬುದನ್ನು ಆ ಸೈಟುಗಳ ಮೇಲೆ ಇಂದು ಎದ್ದು ನಿಂತಿರುವ ಅಂತಸ್ತುಗಳನ್ನು ಎಣಿಸಿ ಓದುಗರೇ ನಿರ್ಧರಿಸಬಹುದು.

ಸೈಟು ಸಿಕ್ಕವನು ಮನೆ ಕಟ್ಟುವುದೆಂದರೆ ಅದೊಂದು ದೀರ್ಘಸತ್ರ. ಭವಿಷ್ಯನಿಧಿಯ ಸಾಲ, ಹೆಂಡತಿಯ ಒಡವೆ, ಊರಿನಲ್ಲಿ ಮಾರಿದ ಅರ್ಧ ಎಕರೆ ಇವೆಲ್ಲ ಸೇರಬೇಕು. 1970ರಲ್ಲಿ ಹುಡ್ಕೊ, 1977ರಲ್ಲಿ ಎಚ್‌ಡಿಎಫ್‌ಸಿ ಹುಟ್ಟಿದ ಮೇಲೆಯೇ ಸಂಬಳದಾರನಿಗೆ ಮನೆಯ ಸಾಲವೆಂಬುದು ಕೈಗೆ ಎಟುಕುವ ಮಾತಾದುದು. ಗುದ್ದಲಿಪೂಜೆ, ಸೈಜುಗಲ್ಲಿನ ಪಾಯ, ಬಾಗಿಲು ನಿಲ್ಲಿಸುವ ದಿನದ ಪೂಜೆ, ಮೋಲ್ಡು ಹಾಕುವ ದಿನ ಕೂಲಿಯವರಿಗೆಲ್ಲ ಊಟ, ಕಣ್ಣು ಬೀಳದಿರಲೆಂದು ತೂಗುಹಾಕುವ ಬೂದುಗುಂಬಳ, ಕಡೆಯಲ್ಲಿ ಗೃಹಪ್ರವೇಶದ ಮುಂಜಾನೆ ಹಸುವನ್ನು ಒಳಗೆ ಕರೆತಂದು ಹೊಸ ಒಲೆಯ ಮೇಲೆ ಹಾಲುಕ್ಕಿಸುವುದು. ಹಾಲು ಯಾವ ದಿಕ್ಕಿಗೆ ಉಕ್ಕಿತೆಂಬುದನ್ನು ಮನೆಯ ಹಿರಿಯರು ಕಣ್ಣಿಟ್ಟು ನೋಡುತ್ತಿದ್ದರು. ಬೆಂಗಳೂರಿನಲ್ಲಿ ಕಟ್ಟಡವನ್ನು ಅಳೆಯುವುದು ಚದರದಲ್ಲಿ, ನೂರು ಚದರಡಿಗೆ ಒಂದು ಚದರ. ಮೂವತ್ತು-ನಲವತ್ತರ ಸೈಟಿನ ವಿಸ್ತಾರ ಹನ್ನೆರಡು ಚದರ. ಅದರಲ್ಲಿ ಸುತ್ತ ಬಿಡಬೇಕಾದುದನ್ನು ಬಿಟ್ಟು ಎಂಟೊಂಬತ್ತು ಚದರದ ಮನೆಯೆದ್ದು, ಗೇಟಿನ ಕಂಬಕ್ಕೆ ಕಪ್ಪು ಗ್ರಾನೈಟಿನ ಮೇಲೆ ‘ಮಾತೃಶ್ರೀ ನಿಲಯ’ವೆಂದೋ ‘ಗುರುಕೃಪಾ’ ಎಂದೋ ಹೆಸರು ಮೂಡಿದರೆ, ಯಜಮಾನನು ತನ್ನ ಜನ್ಮ ಸಾರ್ಥಕವಾಯಿತೆಂದುಕೊಳ್ಳುತ್ತಿದ್ದನು.

ಆದರೆ ಆ ಮನೆಯ ನಕ್ಷೆಯಲ್ಲಿಯೇ ಮುಂದಿನ ಕಾಲದ ಸೂಚನೆಯೊಂದು ಅಡಗಿದ್ದಿತು. ಮಹಡಿಗೆ ಹತ್ತುವ ಮೆಟ್ಟಿಲನ್ನು ನಡುಮನೆಯ ಒಳಗಿಡದೆ ಹೊರಗಿಡುತ್ತಿದ್ದರು. ತಾರಸಿಯ ಕಂಬಗಳ ತಲೆಯಲ್ಲಿ ಕಬ್ಬಿಣದ ಕಂಬಿಗಳನ್ನು ಮುಂದಿನ ಅಂತಸ್ತಿಗೆಂದು ಹಾಗೆಯೇ ಬಿಡುತ್ತಿದ್ದರು. ಹೊರಮೆಟ್ಟಿಲೆಂದರೆ ಇನ್ನೂ ಬಾರದಿರುವ ಬಾಡಿಗೆದಾರನಿಗೆ ಹಾಕಿಟ್ಟ ಮಣೆ. ತನ್ನ ಸಂತತಿಗೆಂದು ಕಟ್ಟಿದೆನೆಂದುಕೊಂಡ ಮನೆಯನ್ನು ಯಜಮಾನನು ಮೊದಲ ದಿನದಿಂದಲೇ ಅಪರಿಚಿತನಿಗಾಗಿಯೂ ಕಟ್ಟಿದ್ದನು.

ಇತ್ತ ಮೂಲ ಗ್ರಾಮಗಳ ಕಥೆ ಬೇರೆ. ಸ್ವಾಧೀನವು ಹೊಲಗಳನ್ನು ನುಂಗಿತೇ ವಿನಾ ಗ್ರಾಮಠಾಣೆಯನ್ನು ಬಹುಮಟ್ಟಿಗೆ ಬಿಟ್ಟುಬಿಟ್ಟಿತು. ಇಂದು ಬಿಟಿಎಂ ಮೊದಲ ಹಂತದ ನೇರವಾದ ಮೇನು ಕ್ರಾಸುಗಳಿಂದ ತಾವರೆಕೆರೆಯ ಗಲ್ಲಿಗಳಿಗೆ ಕಾಲಿಟ್ಟವನಿಗೆ, ದಾರಿ ಇದ್ದಕ್ಕಿದ್ದಂತೆ ಡೊಂಕಾಗುವುದರಿಂದಲೇ ತಾನು ಹಳೆಯ ಊರನ್ನು ಹೊಕ್ಕೆನೆಂದು ತಿಳಿಯುತ್ತದೆ. ಹೊಲ ಕಳೆದುಕೊಂಡ ಒಕ್ಕಲಿಗೆ ಉಳಿದುದು ಮನೆಯ ಅಡಿಯ ನೆಲ ಮಾತ್ರ. ಅದರ ಮೇಲೆ ಅವನು ಅಂತಸ್ತಿನ ಮೇಲೆ ಅಂತಸ್ತೇರಿಸಿ ಬಾಡಿಗೆಯನ್ನು ಬೆಳೆಯತೊಡಗಿದನು. ಇದನ್ನು ಕಂಡು ಮೂಗು ಮುರಿಯುವ ಲೇಔಟಿನ ಜನರುಂಟು. ಅವರ ಮನೆಯ ಪಾಯವಿರುವುದು ಆ ಒಕ್ಕಲಿನ ರಾಗಿ ಹೊಲದ ಮೇಲೆಂಬುದನ್ನು ಒಮ್ಮೆ ಯೋಚಿಸಿದರೆ ಮೂಗು ಸ್ವಸ್ಥಾನಕ್ಕೆ ಬಂದೀತು. ಮೂರು ಗ್ರಾಮಗಳಲ್ಲಿ ಮೊದಲ ಹೆಸರಾದ ಬೈರಸಂದ್ರವಂತೂ ಜಯನಗರದ ಮಗ್ಗುಲಿಗೆ ಸೇರಿಹೋಗಿ, ತನ್ನ ಅಕ್ಷರವನ್ನು ಮಾತ್ರ ಇಲ್ಲಿ ಬಿಟ್ಟಿದೆ. ಅಂಚೆಯವರೂ ಈ ಬಡಾವಣೆಯನ್ನು ಒಂದೆಂದು ಎಣಿಸಿಲ್ಲ. 560029, 560068, 560076 ಎಂಬ ಮೂರು ಪಿನ್‌ಕೋಡುಗಳ ನಡುವೆ ಇದು ಹಂಚಿಹೋಗಿದೆ.

ಬಾಡಿಗೆದಾರನು ಬಂದನು. 1969ರಲ್ಲಿ ಸ್ಥಾಪಿತವಾದ ಕ್ರೈಸ್ಟ್ ಕಾಲೇಜು ತಾವರೆಕೆರೆಯ ಬದಿಗೇ ಇದ್ದುದರಿಂದ ವಿದ್ಯಾರ್ಥಿಗಳು ಮೊದಲೇ ಇದ್ದರು. 1978ರಲ್ಲಿ ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ನಾಂದಿಯಾಗಿ, ತೊಂಬತ್ತರ ದಶಕದಲ್ಲಿ ಇನ್ಫೋಸಿಸ್ ಮೊದಲಾದ ಕಂಪನಿಗಳು ಅಲ್ಲಿ ಬೆಳೆದ ಮೇಲೆ, ಅತ್ತ ಹೊಸೂರು ರಸ್ತೆ, ಇತ್ತ ಬನ್ನೇರುಘಟ್ಟ ರಸ್ತೆ, ನಡುವೆ ಹೊರವರ್ತುಲ ರಸ್ತೆಯಿರುವ ಈ ಬಡಾವಣೆಯು ತರುಣ ನೌಕರರಿಗೆ ಸಹಜವಾದ ತಂಗುದಾಣವಾಯಿತು. ಕೇಂದ್ರ ರೇಷ್ಮೆ ಮಂಡಳಿಯ ಕಟ್ಟಡದಿಂದ ಹೆಸರು ಪಡೆದ ಸಿಲ್ಕ್ ಬೋರ್ಡ್ ವೃತ್ತವು ರೇಷ್ಮೆಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ವಾಹನದಟ್ಟಣೆಗೆ ಪ್ರಸಿದ್ಧವಾದುದೂ ಈ ಕಾಲದಲ್ಲಿಯೇ. ಮಡಿವಾಳದಲ್ಲಿ ಅಯ್ಯಪ್ಪ ದೇವಾಲಯವನ್ನು ಕಟ್ಟಿಕೊಂಡ ಕೇರಳೀಯರಿಂದ ಹಿಡಿದು ಆಂಧ್ರ, ಒಡಿಶಾ, ಬಂಗಾಳ, ಉತ್ತರ ಕರ್ನಾಟಕಗಳವರೆಗೆ ಎಲ್ಲ ಕಡೆಯವರೂ ಬಂದು ಸೇರಿದರು. ಓಣಂ, ಸಂಕ್ರಾಂತಿಗಳ ಮುನ್ನಾದಿನ ಮಡಿವಾಳದ ರಸ್ತೆಬದಿಯಲ್ಲಿ ರಾತ್ರಿಯ ಬಸ್ಸಿಗಾಗಿ ಚೀಲಗಳೊಡನೆ ನಿಂತಿರುವ ಸಾವಿರಾರು ಜನರನ್ನು ನೋಡಿದವರಿಗೆ, ಆ ದಂಡಿನ ಆಂಗ್ಲರ ‘ಹೋಮ್’ ನೆನಪಾಗದಿರದು. ಇವರಿಗೂ ಅದು ಇನ್ನೊಂದೆಡೆಯಲ್ಲಿದೆ.

ಬಾಡಿಗೆದಾರನಿಗೆ ಈ ನೆಲವು ಕೊಟ್ಟ ಅವಧಿ ಹನ್ನೊಂದು ತಿಂಗಳು. ಈ ವಿಚಿತ್ರ ಸಂಖ್ಯೆಯ ಮೂಲವು ಪಂಚಾಂಗದಲ್ಲಿಲ್ಲ. 1908ರ ನೋಂದಣಿ ಕಾಯಿದೆಯಲ್ಲಿದೆ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ಉಪನೋಂದಣಾಧಿಕಾರಿಯ ಮುಂದೆ ನೋಂದಾಯಿಸಬೇಕೆಂದು ಆ ಕಾಯಿದೆ ವಿಧಿಸುವುದರಿಂದ, ಶುಲ್ಕವನ್ನೂ ಓಡಾಟವನ್ನೂ ತಪ್ಪಿಸಿಕೊಳ್ಳಲು ಕರಾರನ್ನು ಹನ್ನೊಂದು ತಿಂಗಳಿಗೇ ನಿಲ್ಲಿಸುವ ರೂಢಿ ಬೆಳೆಯಿತು. ಜೊತೆಗೆ 1961ರ ಬಾಡಿಗೆ ನಿಯಂತ್ರಣ ಕಾಯಿದೆಯು ಬಾಡಿಗೆದಾರನನ್ನು ಸುಲಭವಾಗಿ ಎಬ್ಬಿಸಲಾಗದಂತೆ ಕಾಪಾಡುತ್ತಿದ್ದುದರಿಂದ ಮಾಲೀಕರಲ್ಲಿ ಹುಟ್ಟಿದ ಭಯವು, ಆ ಕಾಯಿದೆ ಹೋಗಿ 1999ರ ಹೊಸ ಕಾಯಿದೆ ಬಂದ ಮೇಲೆಯೂ ಹೋಗಲಿಲ್ಲ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಹಿಡಿದಿಟ್ಟುಕೊಳ್ಳುವ ಬೆಂಗಳೂರಿನ ಪದ್ಧತಿಗೆ ಆ ಭಯವೇ ಪೋಷಣೆ. ಖಾಲಿ ಮಾಡುವಾಗ ಸುಣ್ಣಬಣ್ಣಕ್ಕೆಂದು ಅದರಲ್ಲಿ ಒಂದು ತಿಂಗಳದನ್ನು ಮುರಿದುಕೊಳ್ಳುವರು. ಸುಣ್ಣವನ್ನು ಹೊಡೆಸಿದರೋ ಇಲ್ಲವೋ ನೋಡಲು ಹಳೆಯ ಬಾಡಿಗೆದಾರನು ಇರುವುದಿಲ್ಲ.

ಇದರ ಪಕ್ಕದಲ್ಲಿಯೇ ಭೋಗ್ಯವೆಂಬ ಹಳೆಯ ಪದ್ಧತಿಯೂ ಬಾಳಿಕೊಂಡು ಬಂದಿದೆ. ದೊಡ್ಡ ಮೊತ್ತವೊಂದನ್ನು ಮಾಲೀಕನಿಗೆ ಒಮ್ಮೆಗೇ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಹೊರಡುವಾಗ ಆ ಮೊತ್ತವನ್ನು ಹಾಗೆಯೇ ಹಿಂದಕ್ಕೆ ಪಡೆಯುವ ಈ ಏರ್ಪಾಡನ್ನು ಜನರು ಈಗ ‘ಲೀಸ್’ ಎನ್ನುತ್ತಾರೆ. ಹೊಲವನ್ನು ಭೋಗ್ಯಕ್ಕೆ ಹಾಕುತ್ತಿದ್ದ ರೈತನ ವ್ಯವಹಾರವೇ ಮೂರನೆಯ ಅಂತಸ್ತಿನ ಎರಡು ಕೋಣೆಗಳ ಮನೆಗೆ ಬಂದು ಕುಳಿತಿರುವುದು ಗಮನಾರ್ಹ. ಮಾಲೀಕನು ಅದೇ ಮನೆಯನ್ನು ಬ್ಯಾಂಕಿಗೂ ಅಡವಿಟ್ಟಿದ್ದರೆ ಭೋಗ್ಯದವನ ಗತಿಯೇನೆಂಬುದನ್ನು, ಋಣಭಾರ ಪತ್ರವನ್ನು ತೆಗೆಸಿ ನೋಡದೆ ಹಣ ಕೊಟ್ಟವರು ಹಲವರು ಕಷ್ಟಪಟ್ಟು ಕಲಿತಿದ್ದಾರೆ.

ಹನ್ನೊಂದು ತಿಂಗಳೂ ದೀರ್ಘವೆನಿಸಿದವರಿಗೆ ಪಿ.ಜಿ., ಎಂದರೆ ಪೇಯಿಂಗ್ ಗೆಸ್ಟ್ ವಸತಿ, ಬಂದಿತು. ಮಕ್ಕಳು ಮದುವೆಯಾಗಿ ಹೋದ ಮನೆಯ ಖಾಲಿ ಕೋಣೆಯಲ್ಲಿ ಒಬ್ಬಿಬ್ಬರನ್ನು ಇರಿಸಿಕೊಂಡು ಮನೆಯ ಊಟವನ್ನೇ ಹಾಕುವ ಸೌಮ್ಯ ವ್ಯವಸ್ಥೆಯೊಂದಕ್ಕೆ ಇದ್ದ ಹೆಸರು, ಮೂವತ್ತು-ನಲವತ್ತರ ಸೈಟಿನ ಮೇಲೆ ನೆಟ್ಟಗೆ ನಿಂತ ಐದಂತಸ್ತಿನ ಕಟ್ಟಡಕ್ಕೆ ಅಂಟಿಕೊಂಡಿತು. ಇಲ್ಲಿ ಬಾಡಿಗೆಗೆ ದೊರೆಯುವುದು ಮನೆಯಲ್ಲ, ಕೋಣೆಯೂ ಅಲ್ಲ, ಹಾಸಿಗೆ. ‘ಟೂ ಶೇರಿಂಗ್, ತ್ರೀ ಶೇರಿಂಗ್’ ಎಂಬ ಚೀಟಿಗಳು ವಿದ್ಯುತ್ ಕಂಬಗಳ ಮೈತುಂಬ. 2024ರಲ್ಲಿ ಆಗಿನ ನಗರಪಾಲಿಕೆಯಾದ ಬಿಬಿಎಂಪಿಯು ಇಂತಹ ವಸತಿಗಳಿಗೆ ನಿಯಮಗಳನ್ನು ಹೊರಡಿಸಿ, ಒಬ್ಬೊಬ್ಬರಿಗೆ ಕನಿಷ್ಠ 70 ಚದರಡಿ ಸ್ಥಳವೂ ದಿನಕ್ಕೆ 135 ಲೀಟರ್ ನೀರೂ ಇರಬೇಕೆಂದು ವಿಧಿಸಿತು. ಹನ್ನೆರಡು ಚದರದ ಕನಸಿನಿಂದ ಹೊರಟ ಬಡಾವಣೆಯಲ್ಲಿ ಕಾನೂನು ಒಬ್ಬ ಮನುಷ್ಯನಿಗೆ ಖಚಿತಪಡಿಸುವ ನೆಲೆಯು ಮುಕ್ಕಾಲು ಚದರಕ್ಕೂ ಕಡಿಮೆ. ಅವಧಿಯು ತಿಂಗಳಿನ ಲೆಕ್ಕದ್ದು.

ಈ ನೆಲೆಯ ಅಸ್ಥಿರತೆಯು ಪ್ರತ್ಯಕ್ಷವಾದುದು 2020ರ ಮಾರ್ಚಿನಲ್ಲಿ. ದೇಶಕ್ಕೆ ಬೀಗ ಬಿದ್ದು, ಕಂಪನಿಗಳು ಕೆಲಸವನ್ನು ಮನೆಯಿಂದಲೇ ಮಾಡಿರೆಂದು ಆಜ್ಞಾಪಿಸಿದಾಗ, ಆ ಆಜ್ಞೆಯಲ್ಲಿನ ಮನೆಯೆಂದರೆ ಯಾವುದೆಂಬುದನ್ನು ಇಲ್ಲಿಯ ತರುಣರಿಗೆ ಯಾರೂ ವಿವರಿಸಿ ಹೇಳಬೇಕಾಗಲಿಲ್ಲ. ಹೋಗಲು ಸಾಧ್ಯವಾದವರೆಲ್ಲ ಕಡಪಕ್ಕೆ, ತ್ರಿಶೂರಿಗೆ, ಕಲಬುರಗಿಗೆ ಹೊರಟುಹೋದರು. ಹಲವು ವರ್ಷ ಕಾಣದಷ್ಟು ‘ಮನೆ ಬಾಡಿಗೆಗಿದೆ’ ಫಲಕಗಳು ಗೇಟುಗಳ ಮೇಲೆ ತೂಗಿದವು, ಮಾಲೀಕರು ಅಡ್ವಾನ್ಸಿನಲ್ಲಿ ಚೌಕಾಶಿಗೆ ಒಪ್ಪಿದರು. ಅದೂ ಹೆಚ್ಚು ದಿನ ನಿಲ್ಲಲಿಲ್ಲ. 2025ರ ಆಗಸ್ಟಿನಲ್ಲಿ ಬಿಟಿಎಂ ಲೇಔಟ್ ಮತ್ತು ಸಿಲ್ಕ್ ಬೋರ್ಡ್ ನಿಲ್ದಾಣಗಳಿರುವ ಹಳದಿ ಮೆಟ್ರೋ ಮಾರ್ಗವು ತೆರೆಯುವ ಹೊತ್ತಿಗೆ ಹಾಸಿಗೆಗಳು ಮತ್ತೆ ತುಂಬಿದ್ದವು.

ಇಲ್ಲಿ ಚರಿತ್ರೆಯನ್ನು ಬರೆಯುವವನಿಗೆ ಒಂದು ತೊಡಕುಂಟು. 1365ರ ದಾನವು ಕಲ್ಲಿನ ಮೇಲಿದೆ. 1905ರಲ್ಲಿ ರೈಸ್ ಸಾಹೇಬರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ ಅಚ್ಚು ಹಾಕಿಸಿ ಇಂತಹ ಕಲ್ಲಿನ ಬರಹಗಳನ್ನು ನಮ್ಮ ಕೈಗಿತ್ತರು. ಸೈಟು ಪಡೆದವನ ಕರಾರು ಉಪನೋಂದಣಿ ಕಛೇರಿಯ ಕಡತದಲ್ಲಿದೆ. ಹನ್ನೊಂದು ತಿಂಗಳ ಬಾಡಿಗೆಯ ಕರಾರಾದರೋ ಎಲ್ಲಿಯೂ ದಾಖಲಾಗಬಾರದೆಂದೇ ಹನ್ನೊಂದು ತಿಂಗಳದಾದುದು. ಅವಧಿ ತೀರಿದ ಮೇಲೆ ಅದು ರದ್ದಿಗೆ ಹೋಗುತ್ತದೆ, ಪಿ.ಜಿ.ಯಲ್ಲಿ ತಂಗಿ ಹೋದವನಿಗೆ ಅಷ್ಟೂ ಇಲ್ಲ. ಹೀಗಾಗಿ ಈ ಬಡಾವಣೆಯಲ್ಲಿ ಬಾಳಿದವರ ಪೈಕಿ ಬಹುಭಾಗದವರು ಯಾವ ಬರಹವನ್ನೂ ಬಿಡದೆ ಹೊರಟುಹೋಗುತ್ತಿದ್ದಾರೆ. ಬಿಟಿಎಂ ಬಡಾವಣೆಯಲ್ಲಿ ಇರುವವರಲ್ಲಿ, ಒಂದು ಕಾಲಕ್ಕೆ ಇದ್ದು ಹೋದವರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಹಳೆಯ ಬಾಡಿಗೆ ಕರಾರುಗಳನ್ನು, ಭೋಗ್ಯಪತ್ರಗಳನ್ನು, ಸೈಟಿನ ಹಂಚಿಕೆ ಪತ್ರಗಳನ್ನು, ಗೃಹಪ್ರವೇಶದ ಆಹ್ವಾನಪತ್ರಿಕೆಗಳನ್ನು ಹಳೆ ಪೇಪರಿನವನಿಗೆ ತೂಗಿಹಾಕಬೇಡಿ, ವರ್ಷವನ್ನೂ ಕ್ರಾಸಿನ ಸಂಖ್ಯೆಯನ್ನೂ ಹಿಂಬದಿಯಲ್ಲಿ ಬರೆದು ಜೋಪಾನವಾಗಿಡಿ.